ದ್ವಿದಳಧಾನ್ಯಗಳೂ ಹಾರ್ಮೋನುಗಳ ಭಯವೂ

(ಉಡುಪಿಯ ಓರ್ವ ವ್ಯವಸಾಯ ಇನ್ಸ್‌ಪೆಕ್ಟರ್, ಎಲ್.ಎಜಿ., ಇವರಿಂದ)

ನಮ್ಮ ಕರಾವಳಿಯ ಊಟದಲ್ಲಿ ಅಕ್ಕಿಯ ತರುವಾಯದ ಸ್ಥಾನವು ದ್ವಿದಳಧಾನ್ಯಗಳಿಗೆ ಸಲ್ಲತಕ್ಕದ್ದೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ವಿವರಿಸಿ ಹೇಳಬೇಕಾದುದಿಲ್ಲ. ಉದ್ದಿಲ್ಲದೆ ಉಡುಪಿಯ ಇಡ್ಲಿಯೂ ಇಲ್ಲ, ದೋಸೆಯೂ ಇಲ್ಲ. ಮಳೆಗಾಲದಲ್ಲಿ ದೋಣಿಗಳು ಕಡಲಿಗಿಳಿಯದ ದಿನಗಳಲ್ಲಿ ಕುಚ್ಚಲಕ್ಕಿಯ ಗಂಜಿಗೆ ಹುರುಳಿಚಟ್ನಿಯೇ ಜತೆ. ಹೆಸರುಬೇಳೆಯ ಪಾಯಸ, ಅಲಸಂಡೆಯ ಪಲ್ಯ, ಎಳ್ಳುಂಡೆ ಇವು ಬಡವರ ಮನೆಯಲ್ಲಿಯೂ ಉಳ್ಳವರ ಮನೆಯಲ್ಲಿಯೂ ಸಮಾನವಾಗಿ ಸಲ್ಲುವ ಪದಾರ್ಥಗಳು. ಹೀಗಿರುವಲ್ಲಿ, ಈ ಕಾಳುಗಳನ್ನು ತಿನ್ನುವುದರಿಂದ ಗಂಡಸರ ಪೌರುಷಕ್ಕೆ ಕುಂದುಂಟಾಗುವುದೆಂದೂ, ಹುಡುಗರಲ್ಲಿ ಹೆಣ್ಣಿನ ಲಕ್ಷಣಗಳು ತೋರುವುವೆಂದೂ ಒಂದು ಭಯವು ನಮ್ಮ ಹಳ್ಳಿಗಳನ್ನು ಹೊಕ್ಕಿರುವುದು ಆಶ್ಚರ್ಯದ ಸಂಗತಿಯೇ ಸರಿ.

ಈ ಭಯವು ಮೊದಲು ಹುಟ್ಟಿದುದು ಸೋಯಾ ಅವರೆಯ ವಿಷಯದಲ್ಲಿ. ಮೊಬೈಲು ಫೋನಿನ ಸಂದೇಶಗಳ ಮೂಲಕ ಅದು ಮನೆಮನೆಗೂ ಬಂದು ಮುಟ್ಟಿತು. ಕಾಪು ಮತ್ತು ಕಾರ್ಕಳ ತಾಲೂಕುಗಳ ರೈತಸಭೆಗಳಲ್ಲಿ ಬಿತ್ತನೆಯ ಬೀಜದ ವಿಚಾರವನ್ನು ಹೇಳುತ್ತಿರುವಾಗ, ವಸತಿಗೃಹದಲ್ಲಿದ್ದು ಓದುವ ಮಗನಿಗೆ ವಾರಕ್ಕೆರಡು ಸಲ ಸೋಯಾ ಉಂಡೆಯ ಪಲ್ಯವನ್ನು ಬಡಿಸುತ್ತಾರೆ, ಅದನ್ನು ಬಿಡಿಸಬೇಕೇ ಎಂದು ತಾಯಂದಿರು ಕೇಳುವುದುಂಟು. ಅದರ ಬೆನ್ನಿಗೇ, ಉದ್ದೂ ಹುರುಳಿಯೂ ಸೋಯಾದ ಕುಲಕ್ಕೇ ಸೇರಿದುವಲ್ಲವೇ, ಅವುಗಳ ಗತಿಯೇನು ಎಂಬ ಪ್ರಶ್ನೆಯು ಬರುತ್ತದೆ. ಇತ್ತ ಉಡುಪಿ, ಮಣಿಪಾಲಗಳಂಥ ಪೇಟೆಗಳಲ್ಲಿ ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ನಂಬುಗೆಯು ಬೆಳೆದಿದೆ. ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರು ಸೋಯಾಸಾರದ ಗುಳಿಗೆಗಳನ್ನು ನುಂಗಿದರೆ ಹೋದ ಯೌವನವು ಮರಳುವುದಂತೆ. ತಿಂಗಳಿನ ಪೂರ್ವಾರ್ಧದಲ್ಲಿ ಅಗಸೆಯನ್ನೂ ಉತ್ತರಾರ್ಧದಲ್ಲಿ ಎಳ್ಳನ್ನೂ ಲೆಕ್ಕವಿಟ್ಟು ತಿಂದರೆ ಕೆಟ್ಟುಹೋದ ಮುಟ್ಟು ಸರಿಹೋಗುವುದಂತೆ. ಒಂದೇ ಪದಾರ್ಥವನ್ನು ಒಬ್ಬರು ವಿಷವೆಂದು ದೂರವಿಡುವರು, ಇನ್ನೊಬ್ಬರು ಸಂಜೀವಿನಿಯೆಂದು ದುಡ್ಡು ಕೊಟ್ಟು ಕೊಳ್ಳುವರು. ಇಬ್ಬರೂ ಪ್ರಮಾಣದ ವಿಚಾರವನ್ನೇ ಮಾಡಿಲ್ಲವೆಂಬುದು ನನ್ನ ಅಭಿಪ್ರಾಯ.

ಹಾರ್ಮೋನು ಎಂಬುದೇನು? ದೇಹದಲ್ಲಿರುವ ಕೆಲವು ಗ್ರಂಥಿಗಳು ತಮ್ಮ ರಸವನ್ನು ನೇರವಾಗಿ ರಕ್ತಕ್ಕೆ ಸೇರಿಸುತ್ತವೆ. ಆ ರಸವು ರಕ್ತದೊಡನೆ ಹರಿದು, ದೂರದ ಅವಯವಗಳಿಗೆ ಇಂಥ ಕೆಲಸವನ್ನು ಮಾಡೆಂದು ಆಜ್ಞೆಯನ್ನು ಒಯ್ಯುತ್ತದೆ. ಹೆಂಗಸರಲ್ಲಿ ಅಂಡಾಶಯವು ಹೊರಡಿಸುವ ಈಸ್ಟ್ರೋಜನ್ ಎಂಬುದು ಇಂತಹ ಒಂದು ಹಾರ್ಮೋನು. ಗಂಡಸರ ದೇಹದಲ್ಲಿಯೂ ಅದು ಸ್ವಲ್ಪ ಪ್ರಮಾಣದಲ್ಲಿ ಇದ್ದೇ ಇರುತ್ತದೆ, ಇರಲೂಬೇಕು. ಜೀವಕೋಶಗಳಲ್ಲಿ ಈ ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕಗಳಿವೆ. ಗ್ರಾಹಕವನ್ನು ಬೀಗವೆಂದೂ ಹಾರ್ಮೋನನ್ನು ಬೀಗದ ಕೈಯೆಂದೂ ತಿಳಿದುಕೊಂಡರೆ ಸಾಕು. ಸೋಯಾದಲ್ಲಿರುವ ಜೆನಿಸ್ಟೀನ್, ಡೈಡ್ಜೀನ್ ಎಂಬ ಐಸೊಫ್ಲೇವೋನುಗಳ ಆಕಾರವು ಈ ಬೀಗದ ಕೈಯನ್ನು ಸ್ವಲ್ಪಮಟ್ಟಿಗೆ ಹೋಲುವುದರಿಂದ ಅವು ಬೀಗದೊಳಗೆ ಹೋಗಬಲ್ಲವು, ಆದರೆ ಅದನ್ನು ಸರಾಗವಾಗಿ ತಿರುಗಿಸಲಾರವು. ನಮ್ಮ ದೇಹದ ಸ್ವಂತ ಈಸ್ಟ್ರೋಜನ್ನಿಗಿಂತ ಇವುಗಳ ಶಕ್ತಿಯು ನೂರಾರು ಪಾಲು, ಕೆಲವೆಡೆ ಸಾವಿರಾರು ಪಾಲು ಕಡಿಮೆ. ಇದಲ್ಲದೆ ಬೀಗದಲ್ಲಿ ಎರಡು ಜಾತಿಗಳುಂಟೆಂಬುದು ೧೯೯೬ರಲ್ಲಿ ಸ್ವೀಡನ್ ದೇಶದ ಶಾಸ್ತ್ರಜ್ಞರಿಂದ ತಿಳಿದುಬಂದಿತು. ಮೊದಲಿಂದಲೂ ತಿಳಿದಿದ್ದುದಕ್ಕೆ ಆಲ್ಫಾ ಎಂದೂ ಹೊಸತಕ್ಕೆ ಬೀಟಾ ಎಂದೂ ಹೆಸರು. ಜೆನಿಸ್ಟೀನಿಗೆ ಬೀಟಾದ ಮೇಲೆ ಒಲವು ಹೆಚ್ಚು. ಇದರಿಂದಾಗಿ ಸಸ್ಯಜನ್ಯ ಈಸ್ಟ್ರೋಜನ್ನುಗಳು ಒಂದು ಅವಯವದಲ್ಲಿ ಹಾರ್ಮೋನಿನಂತೆ ಅಲ್ಪವಾಗಿ ವರ್ತಿಸಿದರೆ, ಇನ್ನೊಂದರಲ್ಲಿ ನಿಜವಾದ ಹಾರ್ಮೋನಿಗೆ ಎಡೆಗೊಡದೆ ಅದರ ಕೆಲಸವನ್ನೇ ತಗ್ಗಿಸುವುದೂ ಉಂಟು. ಹೆಸರಿನಲ್ಲಿ ಈಸ್ಟ್ರೋಜನ್ ಎಂದಿದ್ದ ಮಾತ್ರಕ್ಕೆ ಹೆಣ್ತನವನ್ನು ತರುವ ವಸ್ತುವೆಂದು ತಿಳಿಯುವುದು ಶಾಸ್ತ್ರಸಮ್ಮತವಲ್ಲ.

ಗಿಡಗಳು ಈ ವಸ್ತುಗಳನ್ನು ಏಕೆ ತಯಾರಿಸುತ್ತವೆ ಎಂಬುದು ವ್ಯವಸಾಯಗಾರರಿಗೆ ಹೆಚ್ಚು ರುಚಿಸತಕ್ಕ ವಿಷಯ. ದ್ವಿದಳಜಾತಿಯ ಬೇರುಗಳಲ್ಲಿ ಗಂಟುಗಳಿರುವುದನ್ನೂ, ಅವುಗಳಲ್ಲಿ ವಾಸಿಸುವ ರೈಜೋಬಿಯಮ್ ಎಂಬ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವುದನ್ನೂ ಎಲ್ಲರೂ ಬಲ್ಲರು. ಆ ಜೀವಿಗಳು ಮಣ್ಣಿನಲ್ಲಿ ಹರಡಿಕೊಂಡಿರುವಾಗ, ಗಂಟು ಕಟ್ಟಲು ಬಾ ಎಂದು ಬೇರು ಅವನ್ನು ಕರೆಯುವುದು ಹೇಗೆ? ಸೋಯಾದ ಬೇರು ಇದೇ ಜೆನಿಸ್ಟೀನ್, ಡೈಡ್ಜೀನುಗಳನ್ನು ಮಣ್ಣಿಗೆ ಒಸರಿಸುತ್ತದೆ. ಅದರ ಸುಳಿವನ್ನು ಹಿಡಿದು ಸೂಕ್ಷ್ಮಜೀವಿಗಳು ಗಂಟುಕಟ್ಟುವ ಕೆಲಸಕ್ಕೆ ತೊಡಗುತ್ತವೆ. ಬೂಷ್ಟು ರೋಗಗಳನ್ನು ತಡೆಯುವುದಕ್ಕೂ ಗಿಡವು ಇಂಥ ವಸ್ತುಗಳನ್ನೇ ಬಳಸುತ್ತದೆ. ಅಂದಮೇಲೆ ಈ ವಸ್ತುವು ಬೇರಿಗೂ ಮಣ್ಣಿಗೂ ನಡೆಯುವ ಮಾತುಕತೆಗೆ ಸೇರಿದುದು. ನಮ್ಮ ಹಾರ್ಮೋನಿಗೆ ಅದು ಹೋಲಿರುವುದು ಕೇವಲ ಆಕಸ್ಮಿಕ.

ಹಾಗಾದರೆ ಭಯವು ಪೂರ್ತಿಯಾಗಿ ಬುಡವಿಲ್ಲದುದೇ ಎಂದರೆ, ಅಲ್ಲ. ಅದರ ಬುಡವು ಕುರಿಯ ಹಿಂಡಿನಲ್ಲಿದೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ೧೯೪೦ರ ದಶಕದಲ್ಲಿ ಕುರಿಗಳಿಗೆ ಒಂದು ವಿಚಿತ್ರವಾದ ವ್ಯಾಧಿಯು ತಗಲಿತು. ಹೆಣ್ಣುಕುರಿಗಳು ಗಬ್ಬವಾಗಲೊಲ್ಲವು, ಆದವುಗಳಿಗೆ ಈಯುವುದು ಕಷ್ಟ, ಗರ್ಭಕೋಶವು ಹೊರಕ್ಕೆ ಜಾರುವುದು, ಬೀಜ ಒಡೆದ ಟಗರುಗಳ ಕೆಚ್ಚಲಿನಲ್ಲಿ ಸಹ ಹಾಲು ತೋರುವುದು. ಬೆನೆಟ್ಸ್, ಅಂಡರ್‌ವುಡ್, ಷಿಯರ್ ಎಂಬ ಮೂವರು ವಿಜ್ಞಾನಿಗಳು ಇದನ್ನು ವಿಚಾರಣೆ ಮಾಡಿ, ಮೇವಿಗಾಗಿ ಬೆಳೆಸಿದ ಒಂದು ಜಾತಿಯ ಕ್ಲೋವರ್ ಸೊಪ್ಪೇ ಇದಕ್ಕೆ ಕಾರಣವೆಂದು ೧೯೪೬ರಲ್ಲಿ ಪ್ರಕಟಿಸಿದರು. ಕ್ಲೋವರ್ ಸಹ ದ್ವಿದಳಜಾತಿಯದೇ. ಅದರಲ್ಲಿರುವ ಫಾರ್ಮೊನೊನೆಟಿನ್ ಎಂಬ ವಸ್ತುವು ಕುರಿಯ ಮೊದಲ ಹೊಟ್ಟೆಯಲ್ಲಿ ಮಾರ್ಪಟ್ಟು ಈಕ್ವಾಲ್ ಎಂಬ, ಇನ್ನೂ ಬಲವಾದ ವಸ್ತುವಾಗುತ್ತದೆಂದು ಮುಂದೆ ತಿಳಿಯಿತು. ಡ್ವಾಲ್ಗನಪ್ ಎಂಬ ತಳಿಯಲ್ಲಿ ಈ ದೋಷವು ಹೆಚ್ಚಾಗಿದ್ದಿತು. ತಳಿಶಾಸ್ತ್ರಜ್ಞರು ಆ ವಸ್ತುವು ಕಡಿಮೆಯಾಗಿರುವ ತಳಿಗಳನ್ನು ಆರಿಸಿ ಬೆಳೆಸಿದ ಮೇಲೆ ರೋಗವು ಹತೋಟಿಗೆ ಬಂದಿತು. ಒಂದು ದೊಡ್ಡ ಪಶುವ್ಯಾಧಿಯನ್ನು ಔಷಧದಿಂದಲ್ಲ, ಬೀಜದಿಂದ ಗೆದ್ದುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತವು ನನಗೆ ತಿಳಿಯದು.

ಕುರಿಗೆ ಆದದ್ದು ಮನುಷ್ಯನಿಗೂ ಆಗಬಾರದೇಕೆ ಎಂದು ವಾಚಕರು ಕೇಳಬಹುದು. ಲೆಕ್ಕವನ್ನು ಹಾಕಿ ನೋಡೋಣ. ಆ ಕ್ಲೋವರ್ ಸೊಪ್ಪಿನ ಒಣತೂಕದಲ್ಲಿ ನೂರಕ್ಕೆ ಒಂದರವರೆಗೆ ಈ ವಸ್ತುವಿರುತ್ತಿತ್ತು. ಕುರಿಗೆ ಬೇರೆ ಮೇವಿಲ್ಲ, ಬೆಳಗಿನಿಂದ ಸಾಯಂಕಾಲದವರೆಗೂ ಅದೇ. ಹೀಗೆ ಅದರ ಹೊಟ್ಟೆಗೆ ದಿನವೊಂದಕ್ಕೆ ಹಲವು ಗ್ರಾಮುಗಳಷ್ಟು ಸೇರುತ್ತಿದ್ದಿತು. ಇನ್ನು ನಮ್ಮ ಹುಡುಗನ ತಟ್ಟೆಯನ್ನು ನೋಡಿ. ಒಣ ಸೋಯಾ ಕಾಳಿನ ೧೦೦ ಗ್ರಾಮಿನಲ್ಲಿ ಐಸೊಫ್ಲೇವೋನುಗಳು ಸುಮಾರು ೧೫೦ ಮಿಲಿಗ್ರಾಮು. ೨೫ ಗ್ರಾಮು ಸೋಯಾ ಉಂಡೆಯ ಪಲ್ಯವನ್ನು ತಿಂದವನಿಗೆ ಹೆಚ್ಚೆಂದರೆ ೩೦-೪೦ ಮಿಲಿಗ್ರಾಮು ದೊರೆಯಬಹುದು. ಒಂದೇ ತೂಕದ ಕುರಿಗೂ ಮನುಷ್ಯನಿಗೂ ನಡುವೆ ನೂರು ಪಾಲಿಗಿಂತಲೂ ಮೇಲ್ಪಟ್ಟ ಅಂತರ. ಜಪಾನು ದೇಶದಲ್ಲಿ ವೃದ್ಧರಾದ ಸ್ತ್ರೀಪುರುಷರು ಪ್ರತಿದಿನವೂ ೨೫ರಿಂದ ೫೦ ಮಿಲಿಗ್ರಾಮಿನವರೆಗೆ ತಲೆಮಾರುಗಳಿಂದ ತಿನ್ನುತ್ತ ಬಂದಿದ್ದಾರೆ. ಆ ದೇಶದಲ್ಲಿ ಮಕ್ಕಳು ಹುಟ್ಟಲಿಲ್ಲವೆಂದು ಯಾರೂ ಹೇಳಿಲ್ಲ!

ಉದ್ದು, ಹೆಸರು, ಕಡಲೆ, ಅಲಸಂಡೆಗಳ ವಿಷಯವನ್ನು ಎತ್ತಿದರೆ ಈ ಲೆಕ್ಕವು ಬಹುಮಟ್ಟಿಗೆ ಹಾಸ್ಯಾಸ್ಪದವಾಗುತ್ತದೆ. ಇವುಗಳಲ್ಲಿರುವ ಐಸೊಫ್ಲೇವೋನು ಸೋಯಾದ ನೂರರಲ್ಲೊಂದು ಪಾಲಿನಷ್ಟೂ ಇಲ್ಲ. ಮುಂಜಾನೆಯ ದೋಸೆಗೆ ತಲೆಗೆ ೨೫ ಗ್ರಾಮು ಉದ್ದನ್ನು ಹಾಕಿದರೆ, ಅದರಿಂದ ಹೊಟ್ಟೆಗೆ ಸೇರುವುದು ಅರ್ಧ ಮಿಲಿಗ್ರಾಮಿಗಿಂತ ಕಡಿಮೆ. ಮೇಲೆ ಹೇಳಿದ ಒಂದು ತಟ್ಟೆ ಸೋಯಾ ಪಲ್ಯಕ್ಕೆ ಸಮನಾಗಬೇಕಾದರೆ ಒಬ್ಬನು ಒಂದೇ ದಿನದಲ್ಲಿ ಎರಡು ಕಿಲೋಗ್ರಾಮಿಗೂ ಮೇಲ್ಪಟ್ಟು ಉದ್ದನ್ನು ತಿಂದು ಮುಗಿಸಬೇಕು. ಅಂಥವನಿಗೆ ಬೇರೆ ಉಪದ್ರವಗಳು ಬರುವುವೇ ಹೊರತು ಹಾರ್ಮೋನಿನ ಉಪದ್ರವವು ಬರಲಾರದು. ಉದ್ದನ್ನೂ ಹುರುಳಿಯನ್ನೂ ಸೋಯಾದ ಪಾಪಕ್ಕೆ ಗುರಿಮಾಡುವವರು ಕುಲವನ್ನು ನೋಡಿದರೇ ಹೊರತು ಗುಣವನ್ನು ನೋಡಲಿಲ್ಲ.

ಸೋಯಾ ತಿಂದ ಗಂಡಸರ ಮೇಲೆಯೇ ನಡೆದ ಪರೀಕ್ಷೆಗಳು ಹಲವಿವೆ. ೨೦೧೦ರಲ್ಲಿ ಒಂದು ಸಲವೂ, ೨೦೨೧ರಲ್ಲಿ ೪೧ ಅಧ್ಯಯನಗಳನ್ನು ಒಟ್ಟುಗೂಡಿಸಿ ಇನ್ನೊಂದು ಸಲವೂ ಅವುಗಳ ತುಲನೆಯಾಯಿತು. ಸೋಯಾ ಪ್ರೋಟೀನಿನಿಂದಾಗಲಿ ಐಸೊಫ್ಲೇವೋನುಗಳಿಂದಾಗಲಿ ಪುರುಷ ಹಾರ್ಮೋನಾದ ಟೆಸ್ಟೊಸ್ಟೆರೋನು ಇಳಿಯಲಿಲ್ಲ, ಈಸ್ಟ್ರೋಜನ್ ಏರಲಿಲ್ಲ ಎಂಬುದೇ ಎರಡರ ತೀರ್ಮಾನ. ವಿರುದ್ಧವಾದ ಸಾಕ್ಷ್ಯವನ್ನೂ ಮುಚ್ಚಿಡಕೂಡದು. ಅಮೆರಿಕದ ಬೋಸ್ಟನ್ ನಗರದಲ್ಲಿ, ಮಕ್ಕಳಾಗದುದರಿಂದ ಆಸ್ಪತ್ರೆಗೆ ಬಂದ ದಂಪತಿಗಳ ಪೈಕಿ ೯೯ ಮಂದಿ ಗಂಡಸರನ್ನು ಪರೀಕ್ಷಿಸಿ ೨೦೦೮ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಸೋಯಾವನ್ನು ಹೆಚ್ಚಾಗಿ ತಿನ್ನುವವರ ವೀರ್ಯಾಣುಗಳ ಸಾಂದ್ರತೆಯು ಕಡಿಮೆಯಾಗಿ ಕಂಡಿತು. ಆದರೆ ಅವುಗಳ ಚಲನೆಯಲ್ಲಾಗಲಿ ರೂಪದಲ್ಲಾಗಲಿ ವ್ಯತ್ಯಾಸವಿರಲಿಲ್ಲ. ಆ ಸಂಬಂಧವು ಮೈತೂಕ ಹೆಚ್ಚಾದವರಲ್ಲಿಯೇ ಬಲವಾಗಿದ್ದಿತು. ಅದೇ ವರ್ಷ ಇನ್ನೊಂದು ಸಂಗತಿಯು ವೈದ್ಯ ಪತ್ರಿಕೆಯಲ್ಲಿ ಅಚ್ಚಾಯಿತು. ಅಮೆರಿಕದ ೬೦ ವರ್ಷದ ಗೃಹಸ್ಥನೊಬ್ಬನಿಗೆ ಎದೆಯು ಹೆಂಗಸರಂತೆ ಬೆಳೆದು ನೋವಾಯಿತು. ವಿಚಾರಿಸಲಾಗಿ ಆತನು ದಿನಕ್ಕೆ ಮೂರು ಕ್ವಾರ್ಟು, ಎಂದರೆ ಹತ್ತಿರ ಹತ್ತಿರ ೨.೮ ಲೀಟರು ಸೋಯಾ ಹಾಲನ್ನು ಕುಡಿಯುತ್ತಿದ್ದನು. ಅದನ್ನು ನಿಲ್ಲಿಸಿದ ಮೇಲೆ ಗುಣಮುಖನಾದನು. ಮೊಬೈಲಿನ ಸಂದೇಶಗಳಿಗೆಲ್ಲ ಇದೇ ಕಥೆಯು ಬಂಡವಾಳ. ಆದರೆ ಲೀಟರಿನ ಲೆಕ್ಕವನ್ನು ಬಿಟ್ಟು ಎದೆಯ ಸುದ್ದಿಯನ್ನು ಮಾತ್ರ ಅವು ಒಯ್ಯುತ್ತವೆ.

ಈ ಪ್ರಸಂಗದಲ್ಲಿ ಕಂಬಳದ ಕೋಣಗಳ ಮಾತು ನೆನಪಿಗೆ ಬರುತ್ತದೆ. ಕಾರ್ಕಳದ ಮಿಯಾರಿನಲ್ಲಿಯೂ ಕಾಪುವಿನ ಕಟಪಾಡಿಯಲ್ಲಿಯೂ ಓಡುವ ಕೋಣಗಳಿಗೆ ಯಜಮಾನರು ಬೇಯಿಸಿದ ಹುರುಳಿಯನ್ನು ಮಕ್ಕಳಿಗೆ ತಿನ್ನಿಸುವ ಅಕ್ಕರೆಯಿಂದ ತಿನ್ನಿಸುತ್ತಾರೆ. ಹುರುಳಿಯು ಗಂಡುತನವನ್ನು ಕಳೆಯುವುದಾದರೆ ಅದನ್ನು ಮೊದಲು ಕಂಡುಹಿಡಿಯುವವರು ಅವರೇ. ಇದು ಶಾಸ್ತ್ರೀಯವಾದ ಪ್ರಮಾಣವಲ್ಲವೆಂಬುದನ್ನು ನಾನು ಬಲ್ಲೆ. ಆದರೆ ಸಭೆಯಲ್ಲಿ ೪೧ ಅಧ್ಯಯನಗಳಿಗಿಂತ ಈ ಒಂದು ಮಾತೇ ಹೆಚ್ಚಿನ ಕೆಲಸವನ್ನು ಮಾಡುತ್ತದೆ.

ಹೆಂಗಸರ ವಿಷಯವು ಇಷ್ಟು ಸರಳವಾಗಿಲ್ಲ. ಮುಟ್ಟಾಗುವ ವಯಸ್ಸಿನ ಸ್ತ್ರೀಯರ ಮೇಲೆ ನಡೆದ ಪರೀಕ್ಷೆಗಳನ್ನು ೨೦೦೯ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಸೋಯಾ ಆಹಾರದಿಂದ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯು ಹೊರಡಿಸುವ ಎರಡು ಹಾರ್ಮೋನುಗಳು ಶೇಕಡ ೨೦ರಷ್ಟು ಇಳಿದುದೂ, ಮುಟ್ಟಿನ ಅವಧಿಯು ಸರಾಸರಿ ಒಂದು ದಿನದಷ್ಟು ಉದ್ದವಾದುದೂ ಕಂಡುಬಂದಿತು. ಈಸ್ಟ್ರೋಜನ್ನಿನಲ್ಲಿ ಹೇಳತಕ್ಕ ಬದಲಾವಣೆಯಾಗಲಿಲ್ಲ. ಒಂದು ದಿನದ ವ್ಯತ್ಯಾಸವು ಆರೋಗ್ಯವಂತೆಯಾದ ಹೆಣ್ಣುಮಗಳಿಗೆ ಭಯದ ಕಾರಣವಲ್ಲ. ಹಾಗೆಯೇ, ಕೆಟ್ಟ ಮುಟ್ಟನ್ನು ಸರಿಪಡಿಸಬಲ್ಲ ಔಷಧವೂ ಅದಲ್ಲ. ಮುಟ್ಟು ನಿಂತವರಿಗೆ ಬರುವ ಮೈಬಿಸಿ, ಬೆವರುಗಳು ಐಸೊಫ್ಲೇವೋನಿನಿಂದ ಕೆಲವು ಪರೀಕ್ಷೆಗಳಲ್ಲಿ ಸ್ವಲ್ಪ ತಗ್ಗಿದುವು, ಕೆಲವು ಪರೀಕ್ಷೆಗಳಲ್ಲಿ ತಗ್ಗಲಿಲ್ಲ. ಸ್ತನದ ಅರ್ಬುದರೋಗದಿಂದ ಚಿಕಿತ್ಸೆ ಪಡೆದವರು ಸೋಯಾವನ್ನು ಮುಟ್ಟಲೇಬಾರದೆಂಬ ಮಾತು ಬಹಳ ಕಾಲ ಪ್ರಚಾರದಲ್ಲಿದ್ದಿತು. ಚೀನಾದ ಷಾಂಘೈ ನಗರದಲ್ಲಿ ಇಂತಹ ೫೦೪೨ ಮಂದಿ ಸ್ತ್ರೀಯರನ್ನು ವರ್ಷಗಟ್ಟಲೆ ಗಮನಿಸಿ ೨೦೦೯ರಲ್ಲಿ ಪ್ರಕಟಿಸಿದ ಫಲಿತಾಂಶವು ಅದಕ್ಕೆ ತದ್ವಿರುದ್ಧವಾಗಿದೆ: ಸೋಯಾ ಆಹಾರವನ್ನು ಹೆಚ್ಚಾಗಿ ತಿಂದವರಲ್ಲಿ ರೋಗವು ಮರುಕಳಿಸಿದುದೂ ಮರಣವೂ ಕಡಿಮೆಯೇ. ಅವರು ತಿಂದುದು ಅಡುಗೆಯ ಸೋಯಾ, ಅಂಗಡಿಯ ಗುಳಿಗೆಯಲ್ಲವೆಂಬುದನ್ನು ಮಾತ್ರ ಮರೆಯಕೂಡದು.

ಗುಳಿಗೆಯ ಮೇಲೆ ನನ್ನ ಆಕ್ಷೇಪವು ಇಲ್ಲಿಯೇ. ಊಟದಲ್ಲಿ ಮಿತಿಯನ್ನು ಹೊಟ್ಟೆಯೇ ಹೇಳುತ್ತದೆ. ಗುಳಿಗೆಯಲ್ಲಿ ಆ ಮಿತಿಯಿಲ್ಲ. ಇಟಲಿ ದೇಶದಲ್ಲಿ ಮುಟ್ಟು ನಿಂತ ಸ್ತ್ರೀಯರಿಗೆ ದಿನಕ್ಕೆ ೧೫೦ ಮಿಲಿಗ್ರಾಮು ಐಸೊಫ್ಲೇವೋನನ್ನು ಐದು ವರ್ಷ ಕೊಟ್ಟಾಗ, ನೂರರಲ್ಲಿ ಮೂರು ನಾಲ್ಕು ಮಂದಿಯ ಗರ್ಭಕೋಶದ ಒಳಪೊರೆಯು ಅತಿಯಾಗಿ ಬೆಳೆದುದು ೨೦೦೪ರಲ್ಲಿ ವರದಿಯಾಯಿತು. ಹುಸಿಗುಳಿಗೆಯನ್ನು ತೆಗೆದುಕೊಂಡವರಲ್ಲಿ ಹಾಗಾಗಲಿಲ್ಲ. ಯೂರೋಪಿನ ಆಹಾರ ಸುರಕ್ಷಾ ಪ್ರಾಧಿಕಾರವು ೨೦೧೫ರಲ್ಲಿ ಎಲ್ಲ ಸಾಕ್ಷ್ಯಗಳನ್ನೂ ಪರಿಶೀಲಿಸಿ, ಗುಳಿಗೆಯ ಸಾಮಾನ್ಯ ಪ್ರಮಾಣದಲ್ಲಿ ಅಪಾಯವು ಕಾಣುವುದಿಲ್ಲವೆಂದಿತು. ಅಪಾಯವಿಲ್ಲವೆಂದೇ ಇಟ್ಟುಕೊಂಡರೂ, ಒಂದು ತಿಂಗಳ ಗುಳಿಗೆಗೆ ತೆರುವ ಹಣದಲ್ಲಿ ಒಂದು ಸಂಸಾರಕ್ಕೆ ತಿಂಗಳಿಗಾಗುವಷ್ಟು ಬೇಳೆಕಾಳು ಬರುವುದಾದರೆ ಯಾವುದನ್ನು ಕೊಳ್ಳಬೇಕೆಂದು ನಾನು ಹೇಳಬೇಕೇ?

ಒಂದೇ ಆಹಾರವು ಎಲ್ಲರಲ್ಲಿಯೂ ಒಂದೇ ಫಲವನ್ನು ಕೊಡುವುದಿಲ್ಲವೆಂಬುದಕ್ಕೂ ಕಾರಣವುಂಟು. ಡೈಡ್ಜೀನನ್ನು ಈಕ್ವಾಲ್ ಆಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಕುರಿಯ ಹೊಟ್ಟೆಯಲ್ಲಿ ಯಾವಾಗಲೂ ಇರುವುವು, ಮನುಷ್ಯರಲ್ಲಿ ಹಾಗಲ್ಲ. ಪಾಶ್ಚಾತ್ಯ ದೇಶಗಳಲ್ಲಿ ನೂರಕ್ಕೆ ಇಪ್ಪತ್ತೈದು ಮೂವತ್ತು ಮಂದಿಯ ಕರುಳಿನಲ್ಲಿಯೂ, ಸೋಯಾವನ್ನು ಬಳಸುವ ಪೂರ್ವದೇಶಗಳಲ್ಲಿ ಐವತ್ತು ಅರುವತ್ತು ಮಂದಿಯ ಕರುಳಿನಲ್ಲಿಯೂ ಈ ಕೆಲಸವು ನಡೆಯುತ್ತದೆ. ನೆರೆಮನೆಯವಳಿಗೆ ಗುಣವಾಯಿತೆಂದು ತಾನೂ ಅದೇ ಗುಳಿಗೆಯನ್ನು ತರಿಸುವವಳು ಇದನ್ನು ಯೋಚಿಸಬೇಕು.

ಎಳ್ಳು ಅಗಸೆಗಳ ದಾರಿಯು ಬೇರೆ. ಇವುಗಳಲ್ಲಿರುವುದು ಲಿಗ್ನಾನ್ ಎಂಬ ವಸ್ತು. ಅಗಸೆಯ ೧೦೦ ಗ್ರಾಮಿನಲ್ಲಿ ಇದು ಸುಮಾರು ೩೦೦ ಮಿಲಿಗ್ರಾಮಿನಷ್ಟಿದೆ; ಎಳ್ಳಿನಲ್ಲಿ ಅಷ್ಟಿಲ್ಲದಿದ್ದರೂ ಉಳಿದ ಧಾನ್ಯಗಳಿಗಿಂತ ಬಹಳ ಹೆಚ್ಚು. ಕರುಳಿನ ಸೂಕ್ಷ್ಮಜೀವಿಗಳು ಇದನ್ನು ಎಂಟರೊಲ್ಯಾಕ್ಟೋನ್ ಎಂಬ ದುರ್ಬಲವಾದ ವಸ್ತುವನ್ನಾಗಿ ಮಾಡುತ್ತವೆ. ನೆರೆದ ಹೆಣ್ಣುಮಕ್ಕಳಿಗೆ ಎಳ್ಳು ಬೆಲ್ಲಗಳನ್ನು ತಿನ್ನಿಸುವುದೂ, ಎಳ್ಳು ಉಷ್ಣವೆಂದು ಬಸುರಿಯರಿಗೆ ಕೊಡದಿರುವುದೂ ಕನ್ನಡನಾಡಿನ ಹಳೆಯ ಪದ್ಧತಿಗಳು. ನಮ್ಮ ಹಿರಿಯರು ಹಾರ್ಮೋನನ್ನು ಅರಿತೇ ಹೀಗೆ ಮಾಡಿದರೆಂದು ಭಾಷಣ ಮಾಡುವವರು ಈಗ ಹೆಚ್ಚಾಗಿದ್ದಾರೆ. ಬೆಳೆಯುವ ಹುಡುಗಿಗೆ ಎಳ್ಳಿನ ಸುಣ್ಣದ ಅಂಶ, ಕಬ್ಬಿಣದ ಅಂಶ, ಎಣ್ಣೆ ಇವೇ ಸಾಕಷ್ಟು ಉಪಕಾರ ಮಾಡುತ್ತವೆ. ಅದಕ್ಕೆ ಹಾರ್ಮೋನಿನ ಕಿರೀಟವನ್ನು ಇಡುವ ಅವಶ್ಯಕತೆಯಿಲ್ಲ. ಮೆಂತೆಯಲ್ಲಿರುವ ಡಯೊಸ್ಜೆನಿನ್ ಎಂಬ ವಸ್ತುವಿನ ಕಥೆಯೂ ಇಂಥದೇ. ಮಾರ್ಕರ್ ಎಂಬ ಅಮೆರಿಕದ ರಸಾಯನಶಾಸ್ತ್ರಜ್ಞನು ೧೯೪೦ರ ದಶಕದಲ್ಲಿ ಮೆಕ್ಸಿಕೋದ ಕಾಡುಗೆಣಸಿನಿಂದ ಅದನ್ನು ತೆಗೆದು ಪ್ರೊಜೆಸ್ಟೆರೋನ್ ಹಾರ್ಮೋನನ್ನು ಮಾಡಿದ್ದು ನಿಜ. ಆದರೆ ಅದನ್ನು ಮಾಡಿದುದು ಪ್ರಯೋಗಶಾಲೆಯ ಪಾತ್ರೆಗಳಲ್ಲಿ. ಬಾಣಂತಿಯ ಹೊಟ್ಟೆಯು ಮೆಂತೆಗಂಜಿಯಿಂದ ಆ ಕೆಲಸವನ್ನು ಮಾಡಲಾರದು.

ಹಳೆಯ ಪದ್ಧತಿಗಳೆಲ್ಲ ಪೊಳ್ಳೆಂದು ಹೇಳುವುದೂ ನನ್ನ ಉದ್ದೇಶವಲ್ಲ. ಆಹಾರಕ್ಕೆ ಸಂಬಂಧಿಸದಿದ್ದರೂ ನಮ್ಮ ಕಾಪು ತಾಲೂಕಿನ ಶಂಕರಪುರದ ಮಲ್ಲಿಗೆಯ ಕುಲದ ಒಂದು ವಿಷಯವನ್ನು ಇಲ್ಲಿ ಹೇಳಲೇಬೇಕು. ಎದೆಹಾಲನ್ನು ನಿಲ್ಲಿಸಬೇಕಾದ ಬಾಣಂತಿಯರ ಎದೆಗೆ ಮಲ್ಲಿಗೆ ಹೂವನ್ನು ಕಟ್ಟುವ ಪದ್ಧತಿಯು ದಕ್ಷಿಣದೇಶದಲ್ಲಿ ಇದ್ದಿತು. ವೇಲೂರಿನ ವೈದ್ಯರು ಇದನ್ನು ಬ್ರೊಮೊಕ್ರಿಪ್ಟೀನ್ ಎಂಬ ಔಷಧದೊಡನೆ ಹೋಲಿಸಿ ೧೯೮೮ರಲ್ಲಿ ಪ್ರಕಟಿಸಿದರು. ಔಷಧದಷ್ಟಲ್ಲದಿದ್ದರೂ ಮಲ್ಲಿಗೆಯಿಂದಲೂ ಹಾಲಿಗೆ ಕಾರಣವಾದ ಪ್ರೊಲ್ಯಾಕ್ಟಿನ್ ಹಾರ್ಮೋನು ಇಳಿಯಿತು, ಹಾಲೂ ನಿಂತಿತು. ಗಿಡಗಳಿಗೂ ನಮ್ಮ ಗ್ರಂಥಿಗಳಿಗೂ ಸಂಬಂಧವೇ ಇಲ್ಲವೆಂದು ಯಾರೂ ಹೇಳಲಾರರು. ಪರೀಕ್ಷೆಯಾದುದನ್ನು ನಂಬೋಣ, ಆಗದುದನ್ನು ಪರೀಕ್ಷೆಗೆ ಬಿಡೋಣ.

ಎಚ್ಚರಿಕೆ ವಹಿಸಬೇಕಾದ ಕಡೆಗಳು ಎರಡುಂಟು. ಥೈರಾಯ್ಡ್ ಗ್ರಂಥಿಯ ದೋಷಕ್ಕೆ ಪ್ರತಿದಿನ ಬೆಳಿಗ್ಗೆ ಮಾತ್ರೆಯನ್ನು ನುಂಗುವವರು ಅದರೊಡನೆಯೇ ಸೋಯಾ ಹಾಲನ್ನಾಗಲಿ ಸೋಯಾ ಹಿಟ್ಟನ್ನಾಗಲಿ ಸೇವಿಸಿದರೆ ಮಾತ್ರೆಯು ದೇಹಕ್ಕೆ ಪೂರ್ತಿಯಾಗಿ ಹತ್ತುವುದಿಲ್ಲ. ಕೆಲವು ಗಂಟೆಗಳ ಅಂತರವನ್ನು ಇಟ್ಟುಕೊಳ್ಳತಕ್ಕದ್ದು. ಎರಡನೆಯದು ಹಾಲುಗೂಸುಗಳ ವಿಷಯ. ಬೇರೆ ಆಹಾರವಿಲ್ಲದೆ ಸೋಯಾ ಪುಡಿಯ ಹಾಲನ್ನೇ ಕುಡಿಯುವ ಶಿಶುವಿನ ರಕ್ತದಲ್ಲಿ ಐಸೊಫ್ಲೇವೋನುಗಳು ಅದರ ಸ್ವಂತ ಈಸ್ಟ್ರೋಜನ್ನಿಗಿಂತ ಸಾವಿರಾರು ಪಾಲು ಹೆಚ್ಚಾಗಿರುವುದು ೧೯೯೭ರಲ್ಲಿ ಕಂಡುಬಂದಿತು. ಅಂತಹ ಹಾಲನ್ನು ಕುಡಿದು ಬೆಳೆದವರು ವಯಸ್ಸಿಗೆ ಬಂದ ಮೇಲೆ ಅವರನ್ನು ಪರೀಕ್ಷಿಸಿ ೨೦೦೧ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೇಳಿಕೊಳ್ಳುವಂತಹ ಕೇಡು ಕಾಣಲಿಲ್ಲ. ಹೀಗಿದ್ದರೂ ತಾಯಿಹಾಲು ದೊರೆಯುವಲ್ಲಿ ಅದಕ್ಕೆ ಕೈಹಾಕುವುದೇಕೆ? ವೈದ್ಯರು ಹೇಳದ ಹೊರತು ಬೇಡ. ೧೯೫೩ರಲ್ಲಿ ಸ್ಥಾಪನೆಯಾದ ವೈದ್ಯಕೀಯ ಕಾಲೇಜೊಂದು ಮಣಿಪಾಲದಲ್ಲಿರುವಾಗ, ಜಿಲ್ಲೆಯ ಜನರು ಇಂಥ ವಿಷಯಗಳನ್ನು ಮೊಬೈಲನ್ನು ಕೇಳಿ ತಿಳಿಯುವುದು ಬಾವಿಯ ಕಟ್ಟೆಯಲ್ಲಿ ಕುಳಿತು ನೀರಿಗೆ ಪರದಾಡಿದಂತೆ.

ಇಲಾಖೆಯವರಾದ ನಮ್ಮನ್ನು ಕುರಿತೂ ಒಂದು ಮಾತನ್ನು ಹೇಳಬೇಕಾಗಿದೆ. ಕೆಲವು ಸಹೋದ್ಯೋಗಿಗಳಿಗೆ ಇದು ರುಚಿಸದಿರಬಹುದು. ಬೇಳೆಕಾಳುಗಳ ಪ್ರಚಾರಕ್ಕಾಗಿ ಅಲ್ಲಲ್ಲಿ ಏರ್ಪಡುವ ಸಭೆಗಳಲ್ಲಿ, ಇದು ಹಾರ್ಮೋನನ್ನು ಸಮತೋಲದಲ್ಲಿಡುತ್ತದೆ, ಅದು ಅರ್ಬುದವನ್ನು ತಡೆಯುತ್ತದೆ ಎಂದು ಹೇಳುವ ರೂಢಿಯು ಹತ್ತಿಕೊಂಡಿದೆ. ಜನರನ್ನು ಸೆಳೆಯಲು ಇದು ಸುಲಭೋಪಾಯ. ಆದರೆ ಹಾರ್ಮೋನಿನ ಹೆಸರಿನಲ್ಲಿ ಇಂದು ಆಸೆ ಹುಟ್ಟಿಸಿದವರು ನಾಳೆ ಅದೇ ಹೆಸರಿನಲ್ಲಿ ಹುಟ್ಟುವ ಭಯವನ್ನು ತಡೆಯಲಾರರು. ಸೋಯಾ ಪ್ರೋಟೀನು ಹೃದಯಕ್ಕೆ ಹಿತವೆಂದು ಪೊಟ್ಟಣಗಳ ಮೇಲೆ ಅಚ್ಚುಹಾಕಿಸಲು ಅಮೆರಿಕದ ಸರಕಾರವು ೧೯೯೯ರಲ್ಲಿ ಅನುಮತಿಯನ್ನು ಕೊಟ್ಟು, ೨೦೧೭ರಲ್ಲಿ ಸಾಕ್ಷ್ಯವು ಸಾಲದೆಂದು 그 ಅನುಮತಿಯನ್ನು ಹಿಂತೆಗೆಯುವ ಪ್ರಸ್ತಾಪವನ್ನು ಮಾಡಬೇಕಾಯಿತು. ಉದ್ದಿನಲ್ಲಿ ನೂರಕ್ಕೆ ೨೪ ಪಾಲು ಪ್ರೋಟೀನು ಇದೆ. ಹುರುಳಿಯಲ್ಲಿ ೨೨ ಪಾಲು ಇದೆ, ಕಬ್ಬಿಣದ ಅಂಶವೂ ಸುಣ್ಣದ ಅಂಶವೂ ಇವೆ. ಅಕ್ಕಿಯಲ್ಲಿ ಕಡಿಮೆಯಾದುದನ್ನು ಬೇಳೆಯು ತುಂಬಿಕೊಡುತ್ತದೆ. ಹೇಳಲು ಇಷ್ಟಿರುವಾಗ ಇಲ್ಲದ ಗುಣಗಳನ್ನು ಸಾರುವುದು ನಮ್ಮ ಉದ್ಯೋಗಕ್ಕೆ ತಕ್ಕುದಲ್ಲ.

ಸೋಯಾವನ್ನು ನಮ್ಮ ಜಿಲ್ಲೆಯಲ್ಲಿಯೂ ಬೆಳೆಯಬಾರದೇ ಎಂದು ಕೇಳುವವರಿದ್ದಾರೆ. ಅದು ಬೀದರ, ಬೆಳಗಾವಿ, ಧಾರವಾಡಗಳ ಕಡೆಯ ಮಳೆಗಾಲದ ಬೆಳೆ. ನಮ್ಮಲ್ಲಿ ಮಳೆಗಾಲದ ನೆಲವು ಭತ್ತಕ್ಕೆ ಮೀಸಲು. ಸುರಿಯುವ ಮಳೆಯಲ್ಲಿ ಸೋಯಾದ ಬೇರು ಕೊಳೆಯುವುದು ನಿಶ್ಚಯ. ನಮ್ಮ ಕಾಳುಗಳ ಕಾಲವು ಏಣೆಲಿನ ಕೊಯ್ಲಾದ ಮೇಲೆ ಬರುತ್ತದೆ. ಸುಗ್ಗಿಯ ಬೆಳೆಗೆ ನೀರು ಸಾಲದ ಮಜಲು ಗದ್ದೆಗಳಲ್ಲಿ ಹಿಂದೆ ಉದ್ದೂ ಹೆಸರೂ ಅಲಸಂಡೆಯೂ ತಪ್ಪದೆ ಬರುತ್ತಿದ್ದುವು. ಈಗ ಕೂಲಿಯಾಳು ಸಿಕ್ಕದು, ಬಿಟ್ಟ ದನಗಳ ಕಾಟ, ನವಿಲು ಹಂದಿಗಳ ಹಾವಳಿ; ಗದ್ದೆಯು ಹಡಿಲು ಬೀಳುತ್ತದೆ. ಉಡುಪಿಯಲ್ಲಿ ೨೦೨೧ರಲ್ಲಿ ಹಡಿಲು ಭೂಮಿಯನ್ನು ಬೇಸಾಯಕ್ಕೆ ತರುವ ಆಂದೋಲನವು ನಡೆದಾಗ ಭತ್ತದ ಗದ್ದೆಗಳು ಎಷ್ಟೋ ಕಡೆ ಪುನಃ ಹಸುರಾದುವು. ಭತ್ತದ ಮೇಲಿನ ಕಾಳಿಗೆ ಅಂತಹ ಉತ್ಸಾಹವು ಇನ್ನೂ ಬಂದಿಲ್ಲ. ಇಷ್ಟರ ಮೇಲೆ, ಈ ಕಾಳು ತಿಂದರೆ ಗಂಡುಮಕ್ಕಳಿಗೆ ಕೇಡೆಂಬ ಮಾತೂ ಸೇರಿಕೊಂಡರೆ, ಬಿತ್ತುವ ಮನಸ್ಸಿದ್ದ ನಾಲ್ವರಲ್ಲಿ ಇಬ್ಬರು ಕೈಬಿಡುವರು. ಆ ಭಯವನ್ನು ಕುರಿತು ಇಷ್ಟು ದೀರ್ಘವಾಗಿ ಬರೆಯಲು ಇದೇ ಕಾರಣ.

ಬಿತ್ತುವವರಿಗೆ ಕಾಲವು ಹತ್ತಿರವಾಗಿದೆ. ಏಣೆಲು ಕೊಯ್ದ ಮೇಲೆ ಗದ್ದೆಯ ತೇವವು ಆರುವುದರೊಳಗೆ ಒಂದೆರಡು ಉಳುಮೆ ಕೊಟ್ಟು ಉದ್ದನ್ನು ಬಿತ್ತಬೇಕು. ಎಕರೆಗೆ ಹತ್ತು ಹನ್ನೆರಡು ಕಿಲೋಗ್ರಾಮು ಬೀಜ ಸಾಕು. ಬಹುಕಾಲ ಕಾಳು ಬೆಳೆಯದ ಗದ್ದೆಯಾದರೆ ರೈಜೋಬಿಯಮ್ ಜೀವಾಣುಗೊಬ್ಬರದ ೨೦೦ ಗ್ರಾಮಿನ ಒಂದು ಪೊಟ್ಟಣವನ್ನು ಬೆಲ್ಲದ ನೀರಿನಲ್ಲಿ ಕಲಸಿ, ಬೀಜಕ್ಕೆ ಲೇಪಿಸಿ, ನೆರಳಿನಲ್ಲಿ ಒಣಗಿಸಿ, ಅಂದೇ ಬಿತ್ತತಕ್ಕದ್ದು. ಬಿಸಿಲಿನಲ್ಲಿ ಒಣಗಿಸಿದರೆ ಜೀವಾಣುಗಳು ಸಾಯುತ್ತವೆ. ಎಲೆಗಳು ಹಳದಿ ಮಚ್ಚೆಗಟ್ಟಿದ ಗಿಡಗಳನ್ನು ಕಂಡೊಡನೆ ಕಿತ್ತು ಹೂಳಬೇಕು. ಬಿಳಿನೊಣವು ಆ ರೋಗವನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತದೆ. ಎಪ್ಪತ್ತೈದು ಎಂಬತ್ತೈದು ದಿನಗಳಲ್ಲಿ ಕಾಯಿಗಳು ಕಪ್ಪಾಗಿ ಕೊಯ್ಲಿಗೆ ಬರುತ್ತವೆ. ನೆರೆಹೊರೆಯ ಹತ್ತಾರು ಗದ್ದೆಯವರು ಒಟ್ಟಾಗಿ ಒಂದೇ ವಾರದಲ್ಲಿ ಬಿತ್ತಿದರೆ ದನಗಳನ್ನೂ ನವಿಲುಗಳನ್ನೂ ಕಾಯುವುದು ಸುಲಭ. ಬಿತ್ತನೆಯ ಬೀಜವನ್ನೂ ಜೀವಾಣುಗೊಬ್ಬರವನ್ನೂ ಕುರಿತು ಆಯಾ ಹೋಬಳಿಯ ರೈತಸಂಪರ್ಕ ಕೇಂದ್ರದಲ್ಲಿ ಮುಂಚಿತವಾಗಿ ವಿಚಾರಿಸಿಕೊಳ್ಳಬೇಕು.